ಕೇಳಾಂವನ್ನ ನೋಡು

ಮೂರು ವರ್ಷದ ಹಿಂದೆ ಫ್ರಾಂಕ್‌ಫರ್ಟ್ ರೈಲು ನಿಲ್ದಾಣದಲ್ಲಿ ನಿಂತಿದ್ದೆ. ಬೆಳಗಿನ ಹೊತ್ತು, ಜನ ಕಿಕ್ಕಿರಿದಿದ್ದರು. ಹಿಂದಿನಿಂದ ಯಾರೋ ಎಳೆದುಕೊಂಡು ಬರುತ್ತಿದ್ದ ದೊಡ್ಡ ಸೂಟ್‌ಕೇಸಿನ ಗಾಲಿ ನನ್ನ ಕಾಲ್ಬೆರಳ ಮೇಲೆ ಹತ್ತಿ ಇಳಿಯಿತು. "ಅಯ್ಯ ಯವ್ವಾ" ಅಂದೆ. ಅಂದೆ ಅನ್ನುವುದೂ ತಪ್ಪು, ಬಾಯಿಂದ ಬಂತು. ನಾಲ್ಕು ಹೆಜ್ಜೆ ಮುಂದೆ ಕಾಫಿ ಹಿಡಿದು ನಿಂತಿದ್ದ, ಐವತ್ತು ದಾಟಿದ ಒಬ್ಬರು ಗಕ್ಕನೆ ತಿರುಗಿ ನೋಡಿ ಕೇಳಿದರು: "ಯಾವೂರ್ರಿ?" ನನ್ನದು ಧಾರವಾಡ, ಅವರದು ಗದಗ. ಅವರ ರೈಲು ಬರುವವರೆಗೆ ಹತ್ತು ನಿಮಿಷ ಮಾತಾಡಿದೆವು, ಮಳೆ ಬೆಳೆಯ ಮಾತು, ಮಕ್ಕಳ ಓದಿನ ಮಾತು. ಹೆಸರು ಕೇಳುವುದು ಇಬ್ಬರಿಗೂ ಹೊಳೆಯಲಿಲ್ಲ.

ಆ ಊರಿನಲ್ಲಿ ನಾನಿದ್ದದ್ದು ಎರಡು ವರ್ಷ. ಬೆಳಗಿಂದ ಸಂಜೆಯವರೆಗೆ ಇಂಗ್ಲಿಷು, ಅಂಗಡಿಯಲ್ಲಿ ಹರಕು ಮುರುಕು ಜರ್ಮನ್. ಕನಸೂ ಇಂಗ್ಲಿಷಿನಲ್ಲೇ ಬೀಳಲು ಶುರುವಾಗಿದೆಯೇನೋ ಎಂದು ಒಮ್ಮೊಮ್ಮೆ ಅನಿಸುತ್ತಿತ್ತು. ಅಷ್ಟೆಲ್ಲದರ ಕೆಳಗೆ ಆ ಎರಡು ಪದ ಹೊರಬೀಳಲು ಕಾದು ಕೂತಿದ್ದವು ಅನ್ನುವುದು ನನ್ನನ್ನು ಬಹಳ ದಿನ ಬಿಡಲಿಲ್ಲ. ನನಗೆ ಅದರಿಂದ ಒಳ್ಳೆಯದೇ ಆಯಿತು, ಊರ ಕಡೆಯವರೊಬ್ಬರು ಸಿಕ್ಕರು. ಆದರೆ ರೈಲಿನಲ್ಲಿ ಕೂತ ಮೇಲೆ ನೆನಪಾದದ್ದು ಅದೇ ಜರ್ಮನ್ ನೆಲದಲ್ಲಿ ಎರಡೇ ಪದ ಆಡಿ ಸಿಕ್ಕಿಬಿದ್ದ ಇನ್ನೊಬ್ಬ ಮನುಷ್ಯ. ಸಿನಿಮಾದ ಮನುಷ್ಯ. ಅವನಿಗೆ ಮುಖ ಕೊಟ್ಟ ನಟ ಗಾರ್ಡನ್ ಜಾಕ್ಸನ್.

ಎರಡು ಪದ

'ದಿ ಗ್ರೇಟ್ ಎಸ್ಕೇಪ್' ನಾನು ಮೊದಲು ನೋಡಿದ್ದು 1988ರ ಬೇಸಿಗೆಯಲ್ಲಿ, ಧಾರವಾಡದ ನಮ್ಮ ಮನೆಯ ಪಡಸಾಲೆಯಲ್ಲಿ. ಒಂದು ರಾತ್ರಿಗೆ ಬಾಡಿಗೆಗೆ ವಿಸಿಆರ್ ತಂದು, ಅಕ್ಕಪಕ್ಕದವರನ್ನೆಲ್ಲ ಕೂಡಿಸಿಕೊಂಡು, ಮೂರು ನಾಲ್ಕು ಕ್ಯಾಸೆಟ್ ಒಂದೇ ಸಮನೆ ನೋಡುವ ಕಾಲ ಅದು. ರಾಜ್‌ಕುಮಾರ್ ಸಿನಿಮಾ ಮುಗಿದು ಹೆಂಗಸರು ಮಕ್ಕಳು ಮಲಗಿದ ಮೇಲೆ ಕಾಕಾ ಈ ಕ್ಯಾಸೆಟ್ ಹಾಕಿದರು. ನನ್ನ ತಂದೆಯ ಕೊನೆಯ ತಮ್ಮ ಅವರು. ಬ್ಯಾಂಕಿನಲ್ಲಿ ಗುಮಾಸ್ತ, ಸಂಜೆಯಾದರೆ ಹವ್ಯಾಸಿ ನಾಟಕದವರ ಜೊತೆ ತಾಲೀಮು. ಹದಿಮೂರು ವರ್ಷದ ನಾನು ಸ್ಟೀವ್ ಮೆಕ್ವೀನ್‌ನ ಮೋಟಾರ್ ಸೈಕಲ್ಲಿಗಾಗಿ ಕಣ್ಣು ಉಜ್ಜಿಕೊಳ್ಳುತ್ತ ಎದ್ದು ಕೂತಿದ್ದೆ.

ಕಥೆ ನಿಮಗೆ ಗೊತ್ತಿರುತ್ತದೆ. ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷರ ಮತ್ತು ಅವರ ಮಿತ್ರರ ವಿಮಾನಪಡೆಯವರನ್ನು ಕೂಡಿಹಾಕಿದ್ದ ಜರ್ಮನ್ನರ ಸೆರೆಶಿಬಿರ, ಟಾಮ್ ಡಿಕ್ ಹ್ಯಾರಿ ಎಂಬ ಮೂರು ಸುರಂಗ, 1944ರ ಮಾರ್ಚಿನಲ್ಲಿ ನಿಜವಾಗಿಯೂ ನಡೆದ ಪಲಾಯನ. ಹೊರಬಿದ್ದವರು 76 ಮಂದಿ, ಮತ್ತೆ ಸಿಕ್ಕಿಬಿದ್ದವರು 73, ಹಿಟ್ಲರನ ಅಪ್ಪಣೆಯಂತೆ ಗುಂಡಿಗೆ ಬಲಿಯಾದವರು 50. ಸಿನಿಮಾದಲ್ಲಿ ಇದರ ಸೂತ್ರಧಾರ ಬಾರ್ಟ್ಲೆಟ್. ಆ ಪಾತ್ರ ಮಾಡಿದವರು ರಿಚರ್ಡ್ ಆಟನ್‌ಬರೋ, ಮುಂದೆ 'ಗಾಂಧಿ' ಚಿತ್ರ ಮಾಡಿದ ಅದೇ ಆಟನ್‌ಬರೋ. ಅವನ ಬಲಗೈ ಮ್ಯಾಕ್‌ಡೊನಾಲ್ಡ್, ಎಲ್ಲರ ಬಾಯಲ್ಲೂ ಮ್ಯಾಕ್. ಶಿಬಿರದೊಳಗೆ ಕೈದಿಗಳ ಪರೀಕ್ಷೆ ಮಾಡುವವನು ಇವನೇ. ಸುಳ್ಳು ಹೆಸರು, ಸುಳ್ಳು ಊರು, ಸುಳ್ಳು ಕಸುಬು ಎಲ್ಲ ಬಾಯಿಪಾಠ ಆಗಿದೆಯೇ ಎಂದು ಒಬ್ಬೊಬ್ಬರನ್ನೇ ಕೇಳುತ್ತಾನೆ. ಜರ್ಮನ್‌ನಲ್ಲಿ ಮಾತಾಡಿಸುತ್ತಾನೆ, ಮೆಚ್ಚುತ್ತಾನೆ, ಆಮೇಲೆ ಥಟ್ಟನೆ ಇಂಗ್ಲಿಷಿನಲ್ಲಿ 'ಗುಡ್ ಲಕ್' ಅನ್ನುತ್ತಾನೆ. ಎದುರಿಗಿದ್ದವನು 'ಥ್ಯಾಂಕ್ ಯೂ' ಅಂದುಬಿಡುತ್ತಾನೆ. ಇದು ಹಳೇ ಬಲೆ, ಜೋಕೆ ಎಂದು ಮ್ಯಾಕ್ ಎಚ್ಚರಿಸುತ್ತಾನೆ.

ಆಮೇಲೆ ಊರಿನ ಬಸ್ಸು. ಬಾರ್ಟ್ಲೆಟ್ ಮತ್ತು ಮ್ಯಾಕ್ ಫ್ರೆಂಚ್ ವ್ಯಾಪಾರಿಗಳ ವೇಷದಲ್ಲಿದ್ದಾರೆ. ಹಿಟ್ಲರನ ಗುಪ್ತ ಪೊಲೀಸ್ ಪಡೆ ಗೆಸ್ಟಾಪೊದವನು ಕಾಗದಪತ್ರ ನೋಡಿ ವಾಪಸು ಕೊಡುತ್ತಾನೆ. ಎಲ್ಲ ಸರಿಹೋಯಿತು. ಮ್ಯಾಕ್ ಬಸ್ಸಿನ ಮೆಟ್ಟಿಲು ಹತ್ತುತ್ತಿದ್ದಾನೆ. ಹಿಂದಿನಿಂದ ಹಿತವಾದ ದನಿಯಲ್ಲಿ 'ಗುಡ್ ಲಕ್' ಎಂದು ಕೇಳಿಸುತ್ತದೆ. ಮ್ಯಾಕ್ 'ಥ್ಯಾಂಕ್ ಯೂ' ಅನ್ನುತ್ತಾನೆ.

ಪಡಸಾಲೆಯಲ್ಲಿ ಕಾಕಾ ತೊಡೆಗೆ ಕೈ ಬಡಿದು "ಹೋತು!" ಅಂದದ್ದು ಈಗಲೂ ಕಿವಿಯಲ್ಲಿದೆ. ಅಷ್ಟಕ್ಕೇ ಬಿಡಲಿಲ್ಲ. ಮುಂದೆ ಓಟ, ಗುಂಡು, ಬೆನ್ನಟ್ಟುವುದು ಎಲ್ಲ ಇತ್ತು. ಅದನ್ನೆಲ್ಲ ನಿಲ್ಲಿಸಿ ಕ್ಯಾಸೆಟ್ ಹಿಂದಕ್ಕೆ ಓಡಿಸಿದರು. ಮತ್ತೆ ಮೆಟ್ಟಿಲು, ಮತ್ತೆ ಆ ಎರಡು ಪದ. ಮೂರನೆಯ ಸಲವೂ ಹಾಕಿದಾಗ ನನಗೆ ಸಿಟ್ಟು ಬಂತು, ಮೋಟಾರ್ ಸೈಕಲ್ ಯಾವಾಗ ಎಂದು ಕೇಳಿದೆ. ಕಾಕಾ ಪರದೆಯಿಂದ ಕಣ್ಣು ತೆಗೆಯದೆ ಹೇಳಿದರು: "ತಮ್ಮಾ, ಈ ಮನಷ್ಯಾಗ ಆ ಮಾತು ಬರತೈತಿ ಅಂತ ವಾರಗಟ್ಲೆ ಗೊತ್ತೈತಿ. ಬರದ ಕೊಟ್ಟಾರ, ತಾಲೀಮ್ ಮಾಡ್ಯಾನ. ಆದ್ರೂ ಗೊತ್ತಿಲ್ಲದಂಗ ಹೆಂಗ ಅಂದ ನೋಡು."

ನಟನೆಯ ಬಗ್ಗೆ ನನಗೆ ಸಿಕ್ಕ ಮೊದಲ ಪಾಠ ಅದು. ಬಾಯಿ ಜಾರುವುದನ್ನು ಅಭಿನಯಿಸುವುದು ಅಳುವುದಕ್ಕಿಂತ, ಅಬ್ಬರಿಸುವುದಕ್ಕಿಂತ ಕಷ್ಟ. ಸ್ವಲ್ಪ ಒತ್ತಿ ಆಡಿದರೆ ನಟನಿಗೆ ಮೊದಲೇ ಗೊತ್ತಿತ್ತು ಅನ್ನುವುದು ಕಾಣುತ್ತದೆ. ಜಾಕ್ಸನ್ ಅದನ್ನು ತಗ್ಗಿದ ದನಿಯಲ್ಲಿ, ಸಂಕಟವೆಲ್ಲ ಕಳೆದು ಹಗುರಾದ ಮನುಷ್ಯನ ಬೆಚ್ಚಗಿನ ದನಿಯಲ್ಲಿ ಆಡುತ್ತಾರೆ. ಮನೆಯಲ್ಲಿ ತಾಯಿ ಕಲಿಸಿದ ಮರ್ಯಾದೆ ಅದು. ಯಾರಾದರೂ ಒಳ್ಳೆಯ ಮಾತಾಡಿದರೆ ತಿರುಗಿ ಒಳ್ಳೆಯ ಮಾತಾಡಬೇಕು. ಬಲೆಗೆ ಬಿದ್ದದ್ದು ಮ್ಯಾಕ್‌ನ ಅಜಾಗರೂಕತೆಗಿಂತ ಹೆಚ್ಚಾಗಿ ಅವನ ಒಳ್ಳೆಯತನ. ಕಾಕಾ ಆವತ್ತು ಇನ್ನೊಂದು ಮಾತೂ ಹೇಳಿದರು. ನಮ್ಮ ಕಡೆಯವನಾಗಿದ್ದರೆ ಬದುಕುತ್ತಿದ್ದನೇನೋ, ಒಳ್ಳೇದಾಗಲಿ ಅಂದವರಿಗೆ ನಾವು ತಲೆ ಆಡಿಸಿ ಹೋಗುತ್ತೇವೆ, ಅಷ್ಟೇ ಎಂದು. ಫ್ರಾಂಕ್‌ಫರ್ಟಿನಲ್ಲಿ ಕಾಲು ತಿಕ್ಕಿಕೊಳ್ಳುವಾಗ ನನಗೆ ಗೊತ್ತಾಯಿತು: ನಮ್ಮನ್ನು ಹಿಡಿಯಲು ಬೇರೆ ಪದಗಳಿವೆ.

ನಕ್ಷೆ ಬರೆಯುವ ಹುಡುಗ

ಗಾರ್ಡನ್ ಜಾಕ್ಸನ್ ಹುಟ್ಟಿದ್ದು ಗ್ಲಾಸ್ಗೋದಲ್ಲಿ, 1923ರ ಡಿಸೆಂಬರ್ 19ರಂದು. ಐವರು ಮಕ್ಕಳಲ್ಲಿ ಕೊನೆಯವರು. ಶಾಲೆಯಲ್ಲಿದ್ದಾಗಲೇ ಬಿಬಿಸಿಯ ಮಕ್ಕಳ ರೇಡಿಯೋ ಕಾರ್ಯಕ್ರಮಗಳಲ್ಲಿ ದನಿ ಕೊಡುತ್ತಿದ್ದರು. ಹದಿನೈದಕ್ಕೆ ಶಾಲೆ ಬಿಟ್ಟು ರೋಲ್ಸ್ ರಾಯ್ಸ್ ಕಂಪನಿಯಲ್ಲಿ ನಕ್ಷೆ ಬರೆಯುವ ಡ್ರಾಫ್ಟ್ಸ್‌ಮನ್ ಕೆಲಸಕ್ಕೆ ಸೇರಿದರು. ಯುದ್ಧದ ಕಾಲದಲ್ಲಿ ಲಂಡನ್ನಿನ ಈಲಿಂಗ್ ಸ್ಟುಡಿಯೋದವರಿಗೆ 'ದಿ ಫೋರ್‌ಮನ್ ವೆಂಟ್ ಟು ಫ್ರಾನ್ಸ್' ಎಂಬ ಚಿತ್ರಕ್ಕೆ ಒಬ್ಬ ಎಳೆಯ ಸ್ಕಾಟಿಷ್ ಸೈನಿಕ ಬೇಕಾಗಿದ್ದ. ರೇಡಿಯೋದ ಮೂಲಕ ಗೊತ್ತಿದ್ದ ಈ ಹುಡುಗನನ್ನು ಕರೆಸಿದರು. 1942ರಲ್ಲಿ ತೆರೆ ಕಂಡ ಆ ಚಿತ್ರದಲ್ಲಿ ಅವರ ಪಾತ್ರವನ್ನು ಕರೆಯುವುದೇ ಜಾಕ್ ಎಂದು. ಇಂಗ್ಲಿಷರು ಯಾವ ಸ್ಕಾಟಿಷ್ ಸಿಪಾಯಿಯನ್ನಾದರೂ ಕರೆಯುತ್ತಿದ್ದ ಅಡ್ಡಹೆಸರು ಅದು. ಶೂಟಿಂಗ್ ಮುಗಿದ ಮೇಲೆ ಹುಡುಗ ಮತ್ತೆ ನಕ್ಷೆಯ ಮೇಜಿಗೆ ಹಿಂತಿರುಗಿದ. ಮತ್ತೆ ಸಿನಿಮಾ, ಮತ್ತೆ ನಕ್ಷೆ. ಹೀಗೆ ಕೆಲಕಾಲ ಎರಡೂ ಕಡೆ ಓಡಾಡಿ ಆಮೇಲೆ ಪೂರ್ತಿ ನಟರಾದರು.

ಉಚ್ಚಾರವೇ ಅವರಿಗೆ ಅನ್ನ ಕೊಟ್ಟಿತು, ಉಚ್ಚಾರವೇ ಅವರನ್ನು ಕಟ್ಟಿಯೂ ಹಾಕಿತು. ಬ್ರಿಟಿಷ್ ಯುದ್ಧಚಿತ್ರಗಳಲ್ಲಿ ಒಂದು ತುಕಡಿ ಅಂದರೆ ಒಬ್ಬ ಲಂಡನ್ನಿನ ತರಲೆ, ಒಬ್ಬ ವೇಲ್ಸಿನವ, ಒಬ್ಬ ಸ್ಕಾಟ್ ಇರಲೇಬೇಕು. ವರ್ಷಗಟ್ಟಲೆ ಆ ಸ್ಕಾಟ್ ಇವರೇ. ಉತ್ತರ ಕರ್ನಾಟಕದ ನಮಗೆ ಇದರ ರುಚಿ ಚೆನ್ನಾಗಿ ಗೊತ್ತು. ಸಿನಿಮಾದಲ್ಲಿ ಯಾರಾದರೂ ನಮ್ಮ ಮಾತಾಡಿದರೆ ಅವನು ನಗಿಸಲು ಬಂದವನು, ಇಲ್ಲವೇ ಹೊಡೆದಾಡಲು ಬಂದವನು. ಪ್ರೀತಿಸುವವನು, ಯೋಚಿಸುವವನು, ಸಾಯುವ ಮುಂಚೆ ಏನಾದರೂ ಹೇಳುವವನು ಬೇರೆ ಕನ್ನಡ ಆಡುತ್ತಾನೆ. ಕಾಕಾಗೆ ಇದು ಜೀವನಪೂರ್ತಿ ಇದ್ದ ನೋವು.

1949ರಲ್ಲಿ ಬಂದ 'ವಿಸ್ಕಿ ಗಲೋರ್' ಚಿತ್ರದಲ್ಲಿ ಜಾಕ್ಸನ್ ಜಾರ್ಜ್ ಕ್ಯಾಂಪ್‌ಬೆಲ್ ಎಂಬ ಶಾಲಾ ಮಾಸ್ತರ. ಸ್ಕಾಟ್ಲೆಂಡಿನ ಪಶ್ಚಿಮದ ಬಾರಾ ದ್ವೀಪದಲ್ಲಿ ಚಿತ್ರೀಕರಣವಾದ ಸಿನಿಮಾ ಅದು. 1941ರಲ್ಲಿ ವಿಸ್ಕಿ ಹೇರಿಕೊಂಡಿದ್ದ 'ಪಾಲಿಟೀಶಿಯನ್' ಎಂಬ ಹಡಗು ಅಲ್ಲಿಯೇ ಹತ್ತಿರದ ಎರಿಸ್ಕೇ ದ್ವೀಪದ ಬಳಿ ಒಡೆದ ನಿಜ ಸಂಗತಿಯೇ ಅದರ ಮೂಲ. ಕ್ಯಾಂಪ್‌ಬೆಲ್‌ನ ತಾಯಿ ಭಾನುವಾರ ಬೆರಳು ಕದಲಿಸಲೂ ಬಿಡದ ಕಡುಮಡಿಯ ಹೆಂಗಸು. ಮದುವೆಯ ವಯಸ್ಸಿಗೆ ಬಂದ ಮಗನನ್ನು ಕೋಣೆಯಲ್ಲಿ ಕೂಡಿಹಾಕುತ್ತಾಳೆ. ನಾಲ್ಕು ಗುಟುಕು ಒಳಗೆ ಹೋದ ಮೇಲೆ ಆ ಮಗ ತಾಯಿಯ ಎದುರು ಮೊದಲ ಸಲ ನೆಟ್ಟಗೆ ನಿಲ್ಲುತ್ತಾನೆ. ನಗಿಸುವ ದೃಶ್ಯವೇ ಅದು. ಆದರೆ ಜಾಕ್ಸನ್ ಅಲ್ಲಿ ಕುಡುಕನ ಅಭಿನಯಕ್ಕೆ ಇಳಿಯುವುದಿಲ್ಲ. ಇಷ್ಟು ವರ್ಷ ಕೇಳುತ್ತಲೇ ಬಂದವನು ಈಗ ಮಾತಾಡುತ್ತಿದ್ದಾನೆ, ತನ್ನ ದನಿ ತನಗೇ ಹೊಸದಾಗಿ ಕೇಳುತ್ತಿದೆ, ಅದನ್ನಷ್ಟೇ ಆಡುತ್ತಾರೆ.

ಅದೇ ವರ್ಷ ಕ್ಲೈಡ್ ನದಿಯ ಹಡಗುಕಟ್ಟೆಗಳ ಕಥೆ ಇರುವ 'ಫ್ಲಡ್‌ಟೈಡ್' ಬಂತು. ಅದರಲ್ಲಿ ಇವರು ಹಡಗಿನ ವಿನ್ಯಾಸಕಾರನಾಗುವ ಯುವಕ. ನಕ್ಷೆ ಬರೆಯುತ್ತಿದ್ದ ಕೈಗೆ ಮತ್ತೆ ಪೆನ್ಸಿಲ್ಲು ಸಿಕ್ಕಿತು. ಎದುರಿಗೆ ನಟಿಸಿದವರು ರೋನಾ ಆಂಡರ್‌ಸನ್. 1951ರಲ್ಲಿ ಇಬ್ಬರೂ ಮದುವೆಯಾದರು, ಜಾಕ್ಸನ್ ತೀರಿಕೊಳ್ಳುವವರೆಗೆ ಜೊತೆಗಿದ್ದರು.

ಹೇಳಲು ಉಳಿದವನು

ಇಂಥ ನಟರಿಗೆ ಇಂಗ್ಲಿಷಿನವರು ಇಟ್ಟ ಹೆಸರಿಗಿಂತ ನಮ್ಮ 'ಪೋಷಕ ನಟ' ಎಂಬ ಹೆಸರು ನನಗೆ ಇಷ್ಟ. ಪೋಷಿಸುವವನು, ಸಾಕುವವನು. ನಾಯಕನ ಮಾತು ಮಾತಾಗಬೇಕಾದರೆ ಎದುರಿಗೆ ಅದನ್ನು ಕೇಳಿಸಿಕೊಳ್ಳುವ ಒಬ್ಬ ಬೇಕು. ಕಾಕಾ ಆಡಿದ್ದು ಬಹುಪಾಲು ಅಂಥ ಪಾತ್ರಗಳೇ. ರನ್ನನ ಗದಾಯುದ್ಧವನ್ನು ಇಟ್ಟುಕೊಂಡು ಮಾಡಿದ ಒಂದು ನಾಟಕದಲ್ಲಿ ಅವರು ಸಂಜಯ. ಹೆಣಗಳ ನಡುವೆ ಎಡವುತ್ತ ನಡೆಯುವ ದುರ್ಯೋಧನನ ಪಕ್ಕದಲ್ಲಿ ಇರುವವನು. ದ್ರೋಣನ ಹೆಣ ಕಂಡಾಗ, ಕರ್ಣನ ಹೆಣ ಕಂಡಾಗ ದುರ್ಯೋಧನ ಅಳುತ್ತಾನೆ. ಚಪ್ಪಾಳೆ ಅವನಿಗೇ. ನಾನು ಆ ನಾಟಕ ನೋಡಿದಾಗ ತೀರಾ ಚಿಕ್ಕವ, ದುರ್ಯೋಧನನ ಗದೆ ಬಿಟ್ಟು ಬೇರೇನೂ ಕಂಡಿರಲಿಲ್ಲ. ಮನೆಗೆ ಬರುವ ದಾರಿಯಲ್ಲಿ ನೀವು ಯಾಕೆ ಸುಮ್ಮನೆ ನಿಂತಿದ್ದಿರಿ ಎಂದು ಕೇಳಿದ್ದೆನಂತೆ. ಕಾಕಾ ಅದಕ್ಕೆ ಆಗ ಏನೂ ಹೇಳಲಿಲ್ಲ. ಉತ್ತರ ಬಂದದ್ದು ಆ ವಿಸಿಆರ್ ರಾತ್ರಿ: "ಮಾತಾಡಾಂವನ್ನ ಊರ ಮಂದಿ ಎಲ್ಲಾ ನೋಡ್ತಾರ. ನೀ ಕೇಳಾಂವನ್ನ ನೋಡು."

ಈ ಮಾತು ಇಟ್ಟುಕೊಂಡು ಜಾಕ್ಸನ್ ಅವರ ವೃತ್ತಿಯನ್ನು ಮೊದಲಿಂದ ನೋಡಿದರೆ ಒಂದು ಎಳೆ ಸಿಗುತ್ತದೆ. 1955ರಲ್ಲಿ ಆರ್ಸನ್ ವೆಲ್ಸ್ ಲಂಡನ್ನಿನ ರಂಗಭೂಮಿಯಲ್ಲಿ 'ಮೋಬಿ ಡಿಕ್' ಕಥೆಯನ್ನು ನಾಟಕ ಮಾಡಿದರು. ತಿಮಿಂಗಿಲವನ್ನು ಬೆನ್ನಟ್ಟುವ ಹುಚ್ಚು ಕಪ್ತಾನ ಆಹಾಬ್ ಸ್ವತಃ ವೆಲ್ಸ್. ಹಡಗಿನ ಎಲ್ಲರೂ ಮುಳುಗಿದ ಮೇಲೆ ಬದುಕಿ ಉಳಿದು ಕಥೆ ಹೇಳುವ ಇಶ್ಮಾಯೆಲ್ ಪಾತ್ರ ಜಾಕ್ಸನ್‌ಗೆ ಸಿಕ್ಕಿತು. 1969ರಲ್ಲಿ ಟೋನಿ ರಿಚರ್ಡ್‌ಸನ್ ಲಂಡನ್ನಿನ ರೌಂಡ್‌ಹೌಸ್‌ನಲ್ಲಿ 'ಹ್ಯಾಮ್ಲೆಟ್' ಮಾಡಿಸಿದಾಗ ಹ್ಯಾಮ್ಲೆಟ್ ಆದವರು ಇನ್ನೊಬ್ಬ ಸ್ಕಾಟ್, ನಿಕೋಲ್ ವಿಲಿಯಮ್‌ಸನ್. ಜಾಕ್ಸನ್ ಹೊರೇಷಿಯೋ. ಸಾಯುತ್ತಿರುವ ರಾಜಕುಮಾರ ನೀನು ಸಾಯಬೇಡ, ಉಳಿದು ನನ್ನ ಕಥೆ ಹೇಳು ಎಂದು ಬೇಡಿಕೊಳ್ಳುವುದು ಇವನನ್ನೇ. ಆ ಪಾತ್ರಕ್ಕೆ ಅವರಿಗೆ ಕ್ಲಾರೆನ್ಸ್ ಡರ್ವೆಂಟ್ ಪ್ರಶಸ್ತಿ ಬಂತು, ಪೋಷಕ ನಟನೆಗೆ ಕೊಡುವ ಪ್ರಶಸ್ತಿ. 1981ರಲ್ಲಿ ಆಸ್ಟ್ರೇಲಿಯಾದ ಟಿವಿಗಾಗಿ ಬಂದ 'ಎ ಟೌನ್ ಲೈಕ್ ಆಲಿಸ್' ಧಾರಾವಾಹಿಯಲ್ಲಿ ನೋಯಲ್ ಸ್ಟ್ರಾಕನ್ ಎಂಬ ಮುದಿ ವಕೀಲ. ತನ್ನ ಬಳಿ ಬಂದ ಹುಡುಗಿಯ ಯುದ್ಧಕಾಲದ ಕಷ್ಟದ ಕಥೆಯನ್ನು ಕೇಳಿಸಿಕೊಳ್ಳುತ್ತ ಕೇಳಿಸಿಕೊಳ್ಳುತ್ತ ಅವಳ ಮೇಲೆ ಹೇಳಲಾಗದ ಮಮತೆ ಬೆಳೆಸಿಕೊಳ್ಳುವವನು.

ಇಶ್ಮಾಯೆಲ್, ಹೊರೇಷಿಯೋ, ಸ್ಟ್ರಾಕನ್. ಮೂವರೂ ಸಂಜಯನ ಕುಲದವರು. ಬೇರೆ ಬೇರೆ ದೇಶದ, ಬೇರೆ ಬೇರೆ ದಶಕದ ನಿರ್ದೇಶಕರು ಇದೇ ಮುಖವನ್ನು ಹುಡುಕಿಕೊಂಡು ಬಂದರು. ನನಗೆ ತೋರುವ ಕಾರಣ ಇಷ್ಟೇ: ಆ ಮುಖವನ್ನು ನೋಡಿದರೆ ಇವನಿಗೆ ಹೇಳಿದ್ದು ಹಾಳಾಗುವುದಿಲ್ಲ ಅನ್ನಿಸುತ್ತದೆ.

1960ರ 'ಟ್ಯೂನ್ಸ್ ಆಫ್ ಗ್ಲೋರಿ' ಸಿಕ್ಕರೆ ಕೊನೆಯ ಹತ್ತು ನಿಮಿಷವನ್ನು ದಯವಿಟ್ಟು ಹೀಗೆ ನೋಡಿ. ಸ್ಕಾಟಿಷ್ ಪಲ್ಟನ್ನೊಂದರಲ್ಲಿ ಇಬ್ಬರು ಕರ್ನಲ್‌ಗಳ ಜಗಳ. ಒಬ್ಬರು ಅಲೆಕ್ ಗಿನ್ನೆಸ್, ಇನ್ನೊಬ್ಬರು ಜಾನ್ ಮಿಲ್ಸ್. ಮಿಲ್ಸ್‌ನ ಕರ್ನಲ್ ಆತ್ಮಹತ್ಯೆ ಮಾಡಿಕೊಂಡ ಮೇಲೆ ಗಿನ್ನೆಸ್‌ನ ಜಾಕ್ ಸಿಂಕ್ಲೇರ್ ಅಧಿಕಾರಿಗಳನ್ನೆಲ್ಲ ಕೂಡಿಸಿ ಶವಸಂಸ್ಕಾರದ ಯೋಜನೆ ಹೇಳತೊಡಗುತ್ತಾನೆ. ಮೊದಲು ಸಾಮಾನ್ಯ ವ್ಯವಸ್ಥೆ. ಬರಬರುತ್ತ ರಾಜಮಹಾರಾಜರಿಗೆ ಮಾಡುವಂಥ ಮೆರವಣಿಗೆ, ಯಾವ ಬೀದಿಯಲ್ಲಿ ಯಾವ ಪೈಪಿನ ಯಾವ ರಾಗ ಅನ್ನುವವರೆಗೆ. ಆ ಮಾತಿನಲ್ಲೇ ಅವನ ಬುದ್ಧಿ ಕುಸಿಯುತ್ತಿದೆ. ಗಿನ್ನೆಸ್ ಅದ್ಭುತ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅವನು ಕುಸಿಯುತ್ತಿದ್ದಾನೆ ಅನ್ನುವುದು ನಮಗೆ ಮನದಟ್ಟಾಗುವುದು ಎದುರಿಗಿರುವ ಕ್ಯಾಪ್ಟನ್ ಜಿಮ್ಮಿ ಕೇರ್ನ್ಸ್‌ನ ಮುಖದಿಂದ. ಜಾಕ್ಸನ್ ಆ ಪಾತ್ರದಲ್ಲಿ ಏನೂ ಮಾಡುವುದಿಲ್ಲ, ನೋಡುತ್ತಾರೆ. ತಾನು ಗೌರವಿಸಿದ ಮನುಷ್ಯ ಕಣ್ಣೆದುರೇ ಇಲ್ಲವಾಗುತ್ತಿರುವುದನ್ನು ನೋಡುವ ಕಣ್ಣು ಅದು. ಕಾಯಿಲೆ ಬಿದ್ದ ಹಿರಿಯರ ಮಂಚದ ಪಕ್ಕ ಕೂತವರಿಗೆಲ್ಲ ಆ ನೋಟದ ಗುರುತು ಸಿಗುತ್ತದೆ.

165, ಈಟನ್ ಪ್ಲೇಸ್

ಜಾಕ್ಸನ್ ಅವರ ಹೆಸರು ಮನೆಮಾತಾದದ್ದು 'ಅಪ್‌ಸ್ಟೇರ್ಸ್, ಡೌನ್‌ಸ್ಟೇರ್ಸ್' ಧಾರಾವಾಹಿಯಿಂದ. 1971ರಿಂದ 1975ರವರೆಗೆ 68 ಕಂತು. ಲಂಡನ್ನಿನ ಶ್ರೀಮಂತರ ಬೀದಿಯ ಒಂದು ಮನೆ, ಮೇಲೆ ಬೆಲ್ಲಮಿ ಸಂಸಾರ, ಕೆಳಗೆ ಅಡುಗೆಮನೆಯಲ್ಲಿ ಆಳುಕಾಳು. ಆ ಕೆಳಗಿನ ಲೋಕದ ಯಜಮಾನ ಬಟ್ಲರ್ ಆಂಗಸ್ ಹಡ್ಸನ್. ನಾನು ಇದನ್ನು ನೋಡಿದ್ದು ಬಹಳ ತಡವಾಗಿ, ಡಿವಿಡಿ ಪೆಟ್ಟಿಗೆ ತರಿಸಿಕೊಂಡು, ಒಂದು ಮಳೆಗಾಲ ಪೂರ್ತಿ.

ಬಟ್ಲರ್ ಅಂದರೆ ನೋಡುವುದು, ಕೇಳುವುದು, ಬಾಯಿ ಬಿಡದಿರುವುದು. ಊಟದ ಮೇಜಿನ ಹಿಂದೆ ನಿಂತು ಮನೆತನದ ಗುಟ್ಟುಗಳನ್ನೆಲ್ಲ ಕೇಳಿಸಿಕೊಂಡರೂ ಕೇಳಿಸದವನಂತೆ ಇರಬೇಕು. ಮೂವತ್ತು ವರ್ಷ ಕೇಳುವ ಪಾತ್ರಗಳನ್ನೇ ಆಡಿದ ನಟನಿಗೆ ಕೇಳುವುದೇ ಕಸುಬಾಗಿರುವ ಮನುಷ್ಯ ಸಿಕ್ಕ. ದನಿಯನ್ನೂ ಗಮನಿಸಿ. ಹಡ್ಸನ್ ಆಡುವುದು ಗ್ಲಾಸ್ಗೋ ಬೀದಿಯ ಮಾತಲ್ಲ. ಒಗೆದು, ಗಂಜಿ ಹಾಕಿ, ಮಡಿಚಿಟ್ಟ ಸ್ಕಾಟಿಷ್ ಮಾತು. ಬಡ ಮನೆಯ ಹುಡುಗ ದೊಡ್ಡವರ ಮನೆಯಲ್ಲಿ ವರ್ಷಗಟ್ಟಲೆ ದುಡಿದು ತನ್ನ ನಾಲಿಗೆಯನ್ನು ಹೇಗೆ ತಿದ್ದಿಕೊಂಡಿರಬಹುದು ಎಂಬುದರ ಇಡೀ ಚರಿತ್ರೆ ಆ ದನಿಯಲ್ಲಿದೆ. ಸಿನಿಮಾದವರು ಇವರಿಂದ ಬೇಡುತ್ತಿದ್ದ ಅದೇ ಸ್ಕಾಟಿಷ್ ಉಚ್ಚಾರ ಇಲ್ಲಿ ಒಬ್ಬ ಮನುಷ್ಯನ ಆತ್ಮಗೌರವವಾಗಿ ನಿಂತಿತು.

ಒಂದು ಕಂತಿನಲ್ಲಿ ಅವನ ತಮ್ಮ ಡೊನಾಲ್ಡ್, ಎಂಜಿನಿಯರ್ ಆಗಿ ಹೆಸರು ಮಾಡಿದವನು, ಹೆಂಡತಿ ಮಗಳ ಜೊತೆ ಲಂಡನ್ನಿಗೆ ಬರುತ್ತಾನೆ. ಹಡ್ಸನ್ ತಾನು ಬಟ್ಲರ್ ಎಂಬುದನ್ನು ಅವರಿಂದ ಮುಚ್ಚಿಡುತ್ತಾನೆ. ಮನೆಯೊಳಗೆ ಅಷ್ಟು ಎತ್ತರಕ್ಕೆ ನಿಲ್ಲುವ ಮನುಷ್ಯ ಹೊರಗೆ ತಮ್ಮನೆದುರು ಹೇಗೆ ಕುಗ್ಗುತ್ತಾನೆ ಅನ್ನುವುದನ್ನು ನೋಡಿ ನನಗೆ ಕಣ್ಣೀರು ಬಂತು. ನಮ್ಮ ಮನೆಗಳಲ್ಲೂ ಇಂಥವರಿದ್ದಾರೆ. ಊರಿಗೆ ಬಂದಾಗ ಬೆಂಗಳೂರಿನಲ್ಲಿ ಏನು ಕೆಲಸ ಎಂದು ಕೇಳಿದರೆ ಕಂಪನಿಯ ಹೆಸರು ಮಾತ್ರ ಹೇಳಿ ಕೆಲಸದ ಹೆಸರು ಹೇಳದವರು.

ಇನ್ನೊಂದು ಕಂತು ಮೊದಲ ಮಹಾಯುದ್ಧದ ಕಾಲದ್ದು, 'ದಿ ಬೀಸ್ಟ್ಲಿ ಹನ್'. ಪತ್ರಿಕೆಗಳಲ್ಲಿ ಬಂದ ಜರ್ಮನ್ ಕ್ರೌರ್ಯದ ಕಥೆಗಳನ್ನು ನಂಬಿ ಹಡ್ಸನ್ ದ್ವೇಷದಿಂದ ಕುದಿಯುತ್ತಾನೆ. ಅದೇ ಬಡಾವಣೆಯಲ್ಲಿ ಬಹಳ ವರ್ಷದಿಂದ ಬೇಕರಿ ಇಟ್ಟುಕೊಂಡು ಎಲ್ಲರಿಗೂ ಬ್ರೆಡ್ಡು ಕೊಟ್ಟ ಜರ್ಮನ್ ಮೂಲದವನ ಅಂಗಡಿಗೆ ಜನ ನುಗ್ಗುತ್ತಾರೆ. ನಾವು ಮೂರು ವರ್ಷ ಗೌರವಿಸಿಕೊಂಡು ಬಂದ ಹಡ್ಸನ್ ಇವನೇನಾ ಎಂದು ಕಣ್ಣು ಕೀಳದೆ ನೋಡಬೇಕಾಗುತ್ತದೆ. ಜಾಕ್ಸನ್ ಅವನನ್ನು ಕೆಟ್ಟವನನ್ನಾಗಿ ಮಾಡುವುದಿಲ್ಲ. ಶಿಸ್ತು, ನಿಷ್ಠೆ, ದೇಶಭಕ್ತಿ, ಹಡ್ಸನ್‌ನ ಒಳ್ಳೆಯ ಗುಣಗಳು ಯಾವುವೋ ಅವೇ ಗುಣಗಳು ಒಂದಿಷ್ಟೂ ಬದಲಾಗದೆ ದ್ವೇಷವಾಗಿ ನಿಲ್ಲುತ್ತವೆ. ದನಿಯೂ ಅದೇ ಗಂಜಿ ಹಾಕಿದ ದನಿ. ಅದಕ್ಕೇ ಭಯವಾಗುತ್ತದೆ. 1976ರಲ್ಲಿ ಅಮೆರಿಕದ ಎಮ್ಮಿ ಪ್ರಶಸ್ತಿ ಅವರಿಗೆ ಬಂದದ್ದು ಈ ಕಂತಿಗೆ, ಅದೂ ಪೋಷಕ ನಟನೆಗೆ. ವಾಟ್ಸಾಪಿನಲ್ಲಿ ಬಂದದ್ದನ್ನೆಲ್ಲ ನಂಬಿ, ದಿನಾ ಹಾಲು ತರುವ ಅಂಗಡಿಯವನ ಬಗ್ಗೆ ಮಾತು ಬದಲಿಸಿದ ನನ್ನ ಬಲು ಸಜ್ಜನ ಹಿರಿಯರು ಕೆಲವರಿದ್ದಾರೆ. ಆ ಕಂತು ನೋಡುವಾಗ ಅವರ ಮುಖ ಒಂದೊಂದಾಗಿ ಕಣ್ಣ ಮುಂದೆ ಬಂತು.

ಕೊನೆಯ ಕಂತಿನಲ್ಲಿ ಹಡ್ಸನ್ ಅಡುಗೆಯ ಮಿಸೆಸ್ ಬ್ರಿಜಸ್‌ಳನ್ನು ಮದುವೆಯಾಗಿ, ಅಡುಗೆಮನೆಯ ಹುಡುಗಿ ರೂಬಿಯನ್ನೂ ಕರೆದುಕೊಂಡು ಸಮುದ್ರದ ದಂಡೆಯಲ್ಲಿ ವಸತಿಗೃಹ ನಡೆಸಲು ಹೊರಡುತ್ತಾನೆ. ಅವರ ಮೇಲೆ ಇನ್ನೊಂದು ಧಾರಾವಾಹಿ ಮಾಡುವ ಆಲೋಚನೆ ಇತ್ತು. ಬ್ರಿಜಸ್ ಆಗಿದ್ದ ಆಂಜೆಲಾ ಬ್ಯಾಡ್ಲಿ 1976ರ ಆರಂಭದಲ್ಲಿ ತೀರಿಕೊಂಡಿದ್ದರಿಂದ ಅದು ಅಲ್ಲಿಗೇ ನಿಂತಿತು.

ಅದರ ಬೆನ್ನಿಗೇ 1977ರಲ್ಲಿ 'ದಿ ಪ್ರೊಫೆಷನಲ್ಸ್'. ಭಯೋತ್ಪಾದಕರನ್ನು ಹಿಡಿಯುವ ಸಿಐ5 ಎಂಬ ಕಲ್ಪಿತ ದಳದ ಮುಖ್ಯಸ್ಥ ಜಾರ್ಜ್ ಕೌಲಿ, ಕಾಲಲ್ಲಿ ಹಳೇ ಗುಂಡು ಉಳಿದು ಕುಂಟುವ ಗಡಸು ಮನುಷ್ಯ. ಬಟ್ಲರ್‌ನ ಕೋಟು ಕಳಚಿ ಅಪ್ಪಣೆ ಕೊಡುವವನಾದದ್ದು ಜನರಿಗೆ ಅಚ್ಚರಿ, ಮೆಚ್ಚುಗೆ ಎರಡೂ ತಂದಿತು. ನನಗೆ ಆ ಧಾರಾವಾಹಿಯ ಕಾರು ಓಡಾಟ, ಗುಂಡಿನ ಸದ್ದು ಅಷ್ಟಾಗಿ ಹಿಡಿಸಲಿಲ್ಲ.

ಹೆಚ್ಚು ಹಿಡಿಸಿದ್ದು 1969ರ 'ದಿ ಪ್ರೈಮ್ ಆಫ್ ಮಿಸ್ ಜೀನ್ ಬ್ರೋಡಿ'. ಮ್ಯಾಗಿ ಸ್ಮಿತ್‌ಗೆ ಆಸ್ಕರ್ ತಂದ ಚಿತ್ರ. ಎಡಿನ್‌ಬರಾದ ಹೆಣ್ಣುಮಕ್ಕಳ ಶಾಲೆಯಲ್ಲಿ ಬ್ರೋಡಿ ಎಂಬ ಬೆಂಕಿಯಂಥ ಶಿಕ್ಷಕಿಯನ್ನು ಅಂಜುತ್ತಂಜುತ್ತ ಪ್ರೀತಿಸುವ ಸಂಗೀತದ ಮಾಸ್ತರ ಲೋದರ್ ಆಗಿ ಜಾಕ್ಸನ್. ಕಾದು ಕಾದು ಸೋತ ಆ ಮಾಸ್ತರ ಕೊನೆಗೆ ರಸಾಯನಶಾಸ್ತ್ರದ ಶಿಕ್ಷಕಿ ಲಾಕ್‌ಹಾರ್ಟ್‌ಳನ್ನು ಮದುವೆಯಾಗಲು ನಿಶ್ಚಯಿಸುತ್ತಾನೆ. ಆ ಲಾಕ್‌ಹಾರ್ಟ್ ಪಾತ್ರ ಮಾಡಿದವರು ರೋನಾ ಆಂಡರ್‌ಸನ್. ಅಷ್ಟು ದೊಡ್ಡ ತಾರೆಯ ಸಿನಿಮಾದ ಒಂದು ಮೂಲೆಯಲ್ಲಿ ನಿಜವಾದ ಗಂಡ ಹೆಂಡತಿ ಸದ್ದಿಲ್ಲದೆ ಮತ್ತೊಮ್ಮೆ ಒಂದಾಗುತ್ತಾರೆ.

ಹುಲ್ಲಿನ ಇಳಿಜಾರು

ಗಾರ್ಡನ್ ಜಾಕ್ಸನ್ 1990ರ ಜನವರಿ 15ರಂದು ಲಂಡನ್ನಿನಲ್ಲಿ ತೀರಿಕೊಂಡರು. 66 ವರ್ಷ. ನಾವು ಪಡಸಾಲೆಯಲ್ಲಿ ಆ ಕ್ಯಾಸೆಟ್ ನೋಡಿ ಎರಡು ವರ್ಷವೂ ಆಗಿರಲಿಲ್ಲ. ಸುದ್ದಿ ನಮ್ಮನ್ನು ಮುಟ್ಟಲೇ ಇಲ್ಲ. ಕಾಕಾಗೆ ಅವರ ಹೆಸರೂ ಗೊತ್ತಿರಲಿಲ್ಲ, ಕೊನೆವರೆಗೂ "ಆ ಥ್ಯಾಂಕ್ಯೂ ಮನಷ್ಯಾ" ಎಂದೇ ಕರೆದರು.

ಕಾಕಾ ಹೋಗಿ ಈಗ ಒಂಬತ್ತು ವರ್ಷ. ಫ್ರಾಂಕ್‌ಫರ್ಟಿನ ಆ ಬೆಳಿಗ್ಗೆಯ ನಂತರ ಒಂದು ಶನಿವಾರ ರಾತ್ರಿ ಆ ಸಿನಿಮಾವನ್ನು ಒಬ್ಬನೇ ಮತ್ತೆ ನೋಡಿದೆ. ಬಸ್ಸಿನ ದೃಶ್ಯ ಬಂತು, ಹೋಯಿತು. ನಾನು ಮರೆತೇಬಿಟ್ಟಿದ್ದದ್ದು ಅದರ ಮುಂದಿನದು. ಸಿಕ್ಕಿಬಿದ್ದವರನ್ನು ಲಾರಿಗಳಲ್ಲಿ ತುಂಬಿ ಒಯ್ಯುತ್ತಿದ್ದಾರೆ. ದಾರಿಯಲ್ಲಿ ಒಂದು ಬಯಲಿನಲ್ಲಿ ನಿಲ್ಲಿಸಿ, ಇಳಿದು ಕೈಕಾಲು ಆಡಿಸಿ ಅನ್ನುತ್ತಾರೆ. ಹಸಿರು ಇಳಿಜಾರು, ತಿಳಿ ಬಿಸಿಲು. ಬಾರ್ಟ್ಲೆಟ್ ಮ್ಯಾಕ್‌ನ ಪಕ್ಕದಲ್ಲಿ ನಿಂತು ಮಾತಾಡುತ್ತಾನೆ. ಈ ಸಂಘಟನೆ, ಈ ಸುರಂಗ ತೋಡುವುದು, ಟಾಮ್, ಹ್ಯಾರಿ, ಇದೇ ನನ್ನನ್ನು ಇಷ್ಟು ದಿನ ಬದುಕಿಸಿತ್ತು ಅನ್ನುತ್ತಾನೆ. ಇದಕ್ಕಿಂತ ಸುಖವಾಗಿ ನಾನು ಯಾವತ್ತೂ ಇರಲಿಲ್ಲ ಅನ್ನುತ್ತಾನೆ. ಗೊತ್ತಾ ಮ್ಯಾಕ್, ಎಂದು ಇನ್ನೊಂದು ಮಾತು ಶುರು ಮಾಡುತ್ತಾನೆ. ಅಷ್ಟರಲ್ಲಿ ಹಿಂದೆ ಮೆಷಿನ್‌ಗನ್ನಿನ ಸದ್ದು.

ಯಾರ ಬಾಯಿ ಜಾರಿ ಇಬ್ಬರೂ ಸಿಕ್ಕಿಬಿದ್ದರೋ ಅವನ ಮುಂದೆಯೇ ಬಾರ್ಟ್ಲೆಟ್ ಕೊನೆಯ ಮಾತು ಆಡಿದ. ಆ ಮಾತಿನಲ್ಲಿ ದೂರಿನ ಸುಳಿವೂ ಇಲ್ಲ. ಪ್ರತಿ ಸಲ ಬಾರ್ಟ್ಲೆಟ್‌ನನ್ನೇ ನೋಡುತ್ತಿದ್ದ ನಾನು ಈ ಸಲ ರಿಮೋಟ್ ಒತ್ತಿ ಹಿಂದಕ್ಕೆ ಹೋಗಿ ಅವನ ಪಕ್ಕದ ಮುಖವನ್ನೇ ನೋಡಿದೆ. ಇನ್ನೊಮ್ಮೆ ಹಿಂದಕ್ಕೆ ಹೋದೆ. ಮೂರನೆಯ ಸಲ ಹಾಕಿದಾಗ ರಾತ್ರಿ ಎರಡು ಗಂಟೆ ದಾಟಿತ್ತು, ಕೋಣೆಯಲ್ಲಿ ಮೋಟಾರ್ ಸೈಕಲ್ ಯಾವಾಗ ಎಂದು ಕೇಳುವ ಹುಡುಗ ಯಾರೂ ಇರಲಿಲ್ಲ.